ರೆಕ್ಕೆಯ ಬಾಯಿಗೆ ವಿಭೂತಿ

ತಿಪ್ಪೇಶಪ್ಪನಿಗೆ ಮಾರ್ಚಿಗೆ ಅರವತ್ತು ತುಂಬುತ್ತದೆ, ನೌಕರಿಯೂ ಮುಗಿಯುತ್ತದೆ. ಚನ್ನಗಿರಿಯ ಹೊರಗಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಲ್ಯಾಬ್ ಮೆಕ್ಯಾನಿಕ್. ಮೆಕ್ಯಾನಿಕ್ ಎನ್ನುವುದು ಕಾಗದದ ಮಾತು. ಬೆಂಚಿನ ಕಾಲು ಮುರಿದರೂ ತಿಪ್ಪೇಶಪ್ಪ, ನೀರಿನ ಮೋಟಾರು ಕೆಟ್ಟರೂ ತಿಪ್ಪೇಶಪ್ಪ, ಸಮಾರಂಭಕ್ಕೆ ಬ್ಯಾನರ್ ಕಟ್ಟಲೂ ತಿಪ್ಪೇಶಪ್ಪ. ಆಗುವುದಿಲ್ಲ ಎನ್ನಲು ಬಾರದವನಿಗೆ ಊರೆಲ್ಲ ಯಜಮಾನರು. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಅವನಿಗೆ ಕೂತರೆ ಸಾಕಾಗಿರುತ್ತಿತ್ತು. ಹೆಂಡತಿ ಸರ್ವಮಂಗಳಮ್ಮ ಮಂಡಿಗೆ ಎಣ್ಣೆ ಬಿಸಿ ಮಾಡಿ ತಂದಿಟ್ಟು, "ಇನ್ನೆಷ್ಟು ದಿನ, ಮಾರ್ಚ್ ತನಕ ತಾನೆ" ಎನ್ನುತ್ತಿದ್ದಳು.

ಅವನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಬಡಗಿಯ ಮನೆಯಲ್ಲಿ. ಅಪ್ಪ ಕೂರಿಗೆ, ಕುಂಟೆ ಮಾಡುತ್ತಿದ್ದವನು. ಅಪ್ಪನಿಂದ ಮಗನಿಗೆ ಬಂದ ಆಸ್ತಿ ಎರಡು. ಒಂದು, ಮರದ ಮೇಲೆ ಅಂಗೈ ಆಡಿಸಿದರೆ ಕೂದಲೆಳೆಯಷ್ಟು ಉಬ್ಬನ್ನೂ ಹಿಡಿಯುವ ಕೈ. ಇನ್ನೊಂದು, ಆಯುಧಪೂಜೆಯ ಪದ್ಧತಿ. ಯಾವ ಆಯುಧವೇ ಆಗಲಿ, ಅದರ ಬಾಯಿ ಎಲ್ಲಿದೆಯೋ ಅಲ್ಲಿಗೆ ಮೊದಲು ವಿಭೂತಿ ಬೀಳಬೇಕು. ಗರಗಸಕ್ಕೆ ಹಲ್ಲಿನ ಸಾಲಿಗೆ, ಬಾಚಿಗೆ ಅಲಗಿಗೆ, ಕೂರಿಗೆಗೆ ಮಣ್ಣು ಕಚ್ಚುವ ತುದಿಗೆ. ಹಿಡಿಗೆ ಹಚ್ಚಿದರೆ ನಿನ್ನ ಕೈಗೇ ನೀನು ಪೂಜೆ ಮಾಡಿಕೊಂಡ ಹಾಗೆ ಎಂದು ಅಪ್ಪ ಗದರುತ್ತಿದ್ದ.

ಕಾಲೇಜಿನ ಹಿಂಭಾಗದಲ್ಲಿ, ಹುಡುಗರು ಅಷ್ಟಾಗಿ ಕಾಲಿಡದ ಕೋಣೆಯಲ್ಲಿ ಒಂದು ಗಾಳಿ ಸುರಂಗವಿದೆ. ಸುರಂಗ ಎಂದೊಡನೆ ಬೆಟ್ಟ ಕೊರೆದದ್ದು ಎಂದುಕೊಳ್ಳಬೇಡಿ. ಒಂದು ಕಡೆ ಅಗಲ ಬಾಯಿ, ನಡುವೆ ಗಾಜಿನ ಕಿಟಕಿ, ಇನ್ನೊಂದು ಕಡೆ ಆಳೆತ್ತರದ ಫ್ಯಾನ್ ಇರುವ ತಗಡಿನ ಕೊಳವೆ, ಅಷ್ಟೆ. ವಿಮಾನದ ರೆಕ್ಕೆಯ ಸಣ್ಣ ಮಾದರಿಯನ್ನು ಕಿಟಕಿಯೊಳಗೆ ನಿಲ್ಲಿಸಿ ಫ್ಯಾನ್ ಹಾಕಿದರೆ, ಗಾಳಿ ಅದನ್ನು ಎಷ್ಟು ಮೇಲೆತ್ತುತ್ತದೆ ಎಂದು ಕೆಳಗಿನ ತಕ್ಕಡಿ ಹೇಳುತ್ತದೆ. ಮಾದರಿಗಳನ್ನು ತೇಗದಲ್ಲಿ ಕೆತ್ತುವವನು ತಿಪ್ಪೇಶಪ್ಪ. ಕೆತ್ತಿಸುವವಳು ಹೇಮಾವತಿ ಮೇಡಂ.

ಹೇಮಾವತಿಯದು ನ್ಯಾಮತಿ. ಅಲ್ಲಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ಚನ್ನಗಿರಿಗೆ ಇನ್ನೊಂದು. ಬೆಳಿಗ್ಗೆ ಬಂದು ನಾಲ್ಕು ಕ್ಲಾಸು ತೆಗೆದುಕೊಂಡು, ಸಂಜೆ ನಾಲ್ಕೂವರೆಗೆ ಕಾಲೇಜು ಖಾಲಿಯಾದ ಮೇಲೆ ತನ್ನ ಪಿಎಚ್‌ಡಿ ಕೆಲಸಕ್ಕೆ ಕೂರುತ್ತಿದ್ದಳು. ಕಡೆಯ ಬಸ್ಸಿಗೆ ಓಡಿಹೋಗುವುದರೊಳಗೆ ಸಿಗುವುದು ಎರಡು ಗಂಟೆ. ಹೀಗೆ ಆರು ವರ್ಷ. ವಿಶ್ವವಿದ್ಯಾಲಯ ಕೊಟ್ಟ ಗಡುವು ಬರುವ ಜನವರಿ ಕೊನೆಗೆ ಮುಗಿಯುವುದಿತ್ತು.

ಅವಳ ವಿಷಯ ಹಿಂದಕ್ಕೆ ವಾಲಿದ ರೆಕ್ಕೆ. ಜೋರಾಗಿ ಹಾರುವ ವಿಮಾನಗಳಿಗೆ ರೆಕ್ಕೆಯನ್ನು ಹಿಂದಕ್ಕೆ ವಾಲಿಸಿಯೇ ಇಡುತ್ತಾರೆ. ಆದರೆ ವಾಲಿದ ರೆಕ್ಕೆಯ ಮೇಲೆ ಗಾಳಿಗೆ ತುದಿಯ ಕಡೆ ಜಾರುವ ಚಟ. ವಿಮಾನ ನಿಧಾನವಾಗಿ ಮೂತಿ ಎತ್ತಿಕೊಂಡು ಇಳಿಯುವ ಹೊತ್ತಿನಲ್ಲಿ ಈ ಜಾರುವ ಗಾಳಿ ತುದಿಯನ್ನು ಬಿಟ್ಟು ಎದ್ದುಹೋಗುತ್ತದೆ, ರೆಕ್ಕೆ ಎತ್ತುವ ಬಲ ಕಳೆದುಕೊಂಡು ಮೊದಲು ಸೋಲುವುದು ಅಲ್ಲಿಯೇ. ಜಾರುವುದನ್ನು ತಡೆಯಲು ರೆಕ್ಕೆಯ ಮೇಲೆ ತೆಳುವಾದ ತಗಡಿನ ಪಟ್ಟಿಯೊಂದನ್ನು ನಿಲ್ಲಿಸುವುದುಂಟು. ಎಂಥ ಪಟ್ಟಿ, ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಹೇಮಾವತಿಯ ಹುಡುಕಾಟ.

"ನಮ್ಮ ಕಡೆ ಹೊಲಕ್ಕೆ ಬದು ಹಾಕ್ತಾರಲ್ರೀ ಮೇಡಂ, ನೀರು ಇಳಿಜಾರಿಗೆ ಓಡಬಾರ್ದು ಅಂತ. ಇದೂ ಅದೇ ತಾನೆ?" ಎಂದು ತಿಪ್ಪೇಶಪ್ಪ ಮೊದಲ ವರ್ಷವೇ ಕೇಳಿದ್ದ.

"ಅದೇ ನೋಡ್ರಿ ತಿಪ್ಪೇಶಣ್ಣ. ಆ ಬದು ಎಲ್ಲಿ ಹಾಕ್ಬೇಕು ಅನ್ನೋದು ಹುಡುಕಾಕೆ ನನ್ನ ಆಯುಷ್ಯ ಹೋಗೋ ಹಂಗೈತೆ."

ಅಂದಿನಿಂದ ಇಬ್ಬರ ಬಾಯಲ್ಲೂ ಅದು ಬದುವೇ. ಬದು ಇಲ್ಲದ ರೆಕ್ಕೆ ಹನ್ನೆರಡು ಡಿಗ್ರಿಯವರೆಗೆ ಮೂತಿ ಎತ್ತಿದರೆ ತಾಳುತ್ತಿತ್ತು, ಆಮೇಲೆ ಸೋಲುತ್ತಿತ್ತು. ಹೇಮಾವತಿ ಆ ಅಳತೆ ಮುಗಿಸಿ ಬರೆದಿಟ್ಟಿದ್ದಳು. ಬದುವನ್ನು ಬೆರಳಷ್ಟು ಆಚೆ, ಬೆರಳಷ್ಟು ಈಚೆ ಸರಿಸಿ ವರ್ಷಗಟ್ಟಲೆ ನೋಡಿದರೂ ಹನ್ನೆರಡೂವರೆ ದಾಟಲಿಲ್ಲ. ಕೆಲವು ಸಂಜೆ ಅವಳು ಪೆನ್ನು ಮುಚ್ಚಿಟ್ಟು ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ತಿಪ್ಪೇಶಪ್ಪ ಫ್ಯಾನ್ ಆರಿಸಿ, ಅವಳು ಏಳುವ ತನಕ ಬಾಗಿಲು ಹಾಕದೆ ಕಾಯುತ್ತಿದ್ದ.

ಈ ಸಲದ ದಸರಾಕ್ಕೆ ಹೇಮಾವತಿ ನ್ಯಾಮತಿಯಲ್ಲಿ ಉಳಿದಳು. ಹೋಗುವ ಮುಂಚೆ, ರಜೆ ಮುಗಿಯುವುದರೊಳಗೆ ರೆಕ್ಕೆಗೆ ಒಂದು ಕೋಟು ಪಾಲಿಶ್ ಕೊಟ್ಟು ಹೊಸ ಆಕಾರದ ಬದು ಕೂರಿಸಿಡಿ ಎಂದಿದ್ದಳು. ತಿಪ್ಪೇಶಪ್ಪ ಪಾಲಿಶ್ ಕೊಟ್ಟಿದ್ದು ಆಯುಧಪೂಜೆಯ ಹಿಂದಿನ ಸಂಜೆ. ಮರುದಿನ ಲ್ಯಾಬಿನ ಎಲ್ಲ ಯಂತ್ರಕ್ಕೂ ಚೆಂಡುಹೂ ಇಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕೊನೆಗೆ ರೆಕ್ಕೆಯ ಮುಂದೆ ನಿಂತ. ಗಾಳಿಯನ್ನು ಮೊದಲು ಕಚ್ಚುವುದು ಅದರ ಮುಂದಿನ ಅಂಚು, ಹಾಗಾಗಿ ಬಾಯಿ ಅದೇ. ಪ್ರತಿವರ್ಷದ ಹಾಗೆ ಅಂಚಿನ ಉದ್ದಕ್ಕೂ ಬೆರಳಿಟ್ಟು ಹಸಿ ವಿಭೂತಿ ಎಳೆದ. ಎರಡು ದಿನ ಬಿಟ್ಟು ಬಟ್ಟೆಯಿಂದ ಒರೆಸಿದ. ಪ್ರತಿವರ್ಷ ಪಾಲಿಶ್ ಒಣಗಿರುತ್ತಿತ್ತು, ಈ ವರ್ಷ ಒಣಗಿರಲಿಲ್ಲ ಎನ್ನುವುದು ಆ ಪುಣ್ಯಾತ್ಮನ ತಲೆಗೆ ಹೊಳೆಯಲೇ ಇಲ್ಲ.

ರಜೆ ಮುಗಿಸಿ ಬಂದ ಹೇಮಾವತಿ ಫ್ಯಾನ್ ಹಾಕಿಸಿದಳು. ಹನ್ನೆರಡೂವರೆ ದಾಟಿತು. ಹದಿಮೂರು, ಹದಿನಾಲ್ಕು. ಹದಿನೈದರವರೆಗೂ ರೆಕ್ಕೆ ತಾಳಿತು. ಅವಳು ಮೂರು ಸಲ ತಿರುಗಿ ಅಳೆದಳು, ಮೂರು ಸಲವೂ ಹದಿನೈದು. ಅವತ್ತು ಅವಳು ಕಡೆಯ ಬಸ್ಸನ್ನೂ ಮರೆತು ಮಾತಾಡಿದಳು, ಆಮೇಲೆ ತಿಪ್ಪೇಶಪ್ಪನೇ ಹೊನ್ನಾಳಿಯ ತನಕ ಬೈಕಿನಲ್ಲಿ ಬಿಟ್ಟುಬಂದ.

ಅದೇ ವಾರ ಬದು ಬಿಗಿಮಾಡುವಾಗ ಅವನ ಅಂಗೈ ರೆಕ್ಕೆಯ ಮುಂದಿನ ಅಂಚಿಗೆ ತಾಗಿತು. ಕಣ್ಣಿಗೆ ಏನೂ ಇಲ್ಲ. ಕೈಗೆ ಮಾತ್ರ ಬೆಕ್ಕಿನ ನಾಲಿಗೆ ಮುಟ್ಟಿದ ಹಾಗೆ ತರಿತರಿ. ಹಸಿ ಪಾಲಿಶಿನಲ್ಲಿ ವಿಭೂತಿ ಕೂತುಬಿಟ್ಟಿತ್ತು. ಮುಂದಿನ ಅಂಚು ಗಾಜಿನ ಹಾಗಿರಬೇಕು, ಒಂದು ಮರಳಿನ ಕಣ ಇದ್ದರೂ ಅಳತೆ ಸುಳ್ಳು ಹೇಳುತ್ತದೆ ಎಂದು ಹೇಮಾವತಿ ಅವನಿಗೆ ನೂರು ಸಲ ಹೇಳಿದ್ದಳು. ಅವನು ತಿರುಗಿ ನೋಡಿದ. ಅವಳು ಏನೋ ಗುನುಗುತ್ತ ಬರೆಯುತ್ತಿದ್ದಳು. ಆರು ವರ್ಷದಲ್ಲಿ ಅವಳು ಗುನುಗಿದ್ದನ್ನು ಅವನು ಕೇಳಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆ ಎನ್ನುವವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಹೇಮಾವತಿ ಎಲ್ಲ ಗಾಳಿವೇಗದಲ್ಲೂ ಅಳೆದು, ಒಂದು ಸಮ್ಮೇಳನದಲ್ಲಿ ಓದಿ, ಪ್ರಬಂಧದ ಕೊನೆಯ ಅಧ್ಯಾಯ ಬರೆದಳು. ತಿಪ್ಪೇಶಪ್ಪ ದಿನಾ ಫ್ಯಾನ್ ಹಾಕಿದ, ದಿನಾ ಆರಿಸಿದ. ಊಟ ರುಚಿಸುತ್ತಿರಲಿಲ್ಲ.

"ಏನಾಗೈತ್ರೀ ನಿಮಗೆ?" ಎಂದು ಸರ್ವಮಂಗಳಮ್ಮ ಕೇಳಿದರೆ, "ಏನಿಲ್ಲ, ಸಾಕಾಗೈತೆ" ಎನ್ನುತ್ತಿದ್ದ. ಅದೂ ಸುಳ್ಳಲ್ಲ.

ಜನವರಿ ಇಪ್ಪತ್ತನೇ ತಾರೀಖು ಹೇಮಾವತಿ ಪ್ರಬಂಧವನ್ನು ಬೈಂಡಿಂಗಿಗೆ ಕಳಿಸುವ ಮುಂಚೆ ಮೊದಲ ಪುಟ ತೋರಿಸಿದಳು. ಕೃತಜ್ಞತೆಯಲ್ಲಿ ಅವನ ಹೆಸರಿತ್ತು. ಅವನ ಕೈಯಿಲ್ಲದೆ ಇಲ್ಲಿನ ಒಂದು ಅಳತೆಯೂ ನಿಜವಾಗುತ್ತಿರಲಿಲ್ಲ ಎಂದು ಬರೆದಿತ್ತು. ತಿಪ್ಪೇಶಪ್ಪ ಅದನ್ನು ಎರಡು ಸಲ ಓದಿ ಅಲ್ಲೇ ಸ್ಟೂಲಿನ ಮೇಲೆ ಕೂತ.

"ಕಳಿಸಬ್ಯಾಡ್ರಿ ಮೇಡಂ. ಬದು ತೆಗೆದು ಒಂದ್ಸಲ ಅಳೀರಿ."

ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳ ಬೆರಳನ್ನು ಹಿಡಿದು ರೆಕ್ಕೆಯ ಅಂಚಿನ ಮೇಲೆ ಇಡಿಸಿದ, ಆಯುಧಪೂಜೆಯಿಂದ ಶುರುಮಾಡಿ ಎಲ್ಲ ಹೇಳಿದ. ಅವಳು ಬದು ತೆಗೆಸಿ ಫ್ಯಾನ್ ಹಾಕಿಸಿದಳು. ಬದುವೇ ಇಲ್ಲದ ರೆಕ್ಕೆ ಹದಿನೈದರವರೆಗೂ ತಾಳಿತು. ಆಮೇಲೆ ಅವನು ಅಂಚನ್ನು ಉಜ್ಜಿ, ಗಾಜಿನ ಹಾಗೆ ಮಾಡಿ, ಬದುವನ್ನು ತಿರುಗಿ ಕೂರಿಸಿದ. ಹನ್ನೆರಡೂವರೆಗೆ ಸೋತಿತು.

"ಅಂಚು ತರಿ ಆದ್ರೆ ಗಾಳಿ ಮೈಗೆ ಅಂಟ್ಕೊಂಡು ಇನ್ನಷ್ಟು ದೂರ ಹೋಗ್ತೈತೆ. ಸಣ್ಣ ಮಾದರಿ ಮೇಲೆ ಮಾತ್ರ, ನಿಜವಾದ ವಿಮಾನದಾಗೆ ಹಂಗಾಗಲ್ಲ. ಎಲ್ರಿಗೂ ಗೊತ್ತಿರೋ ಮೋಸ ಇದು," ಎಂದಳು ಹೇಮಾವತಿ, ಪಾಠ ಹೇಳುವ ದನಿಯಲ್ಲೇ. ಫ್ಯಾನನ್ನು ತಾನೇ ಆರಿಸಿ ಕೇಳಿದಳು, "ನಿಮಗೆ ಯಾವತ್ತಿಂದ ಗೊತ್ತು?"

ಇವತ್ತೇ ಎಂದು ಹೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ದಸರಾ ಆದ ವಾರದಿಂದ," ಎಂದ.

ಅವಳು ಎದ್ದು ಬ್ಯಾಗು ತೆಗೆದುಕೊಂಡು ಹೋದಳು.

ಮರುದಿನ ಅವಳು ವಿಭಾಗದ ಮುಖ್ಯಸ್ಥ ಗುರುಬಸವರಾಜರ ಕೋಣೆಯಲ್ಲಿ ಒಂದು ಗಂಟೆ ಇದ್ದಳು. ತಿಪ್ಪೇಶಪ್ಪ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ. ತನ್ನನ್ನು ಕರೆಸುತ್ತಾರೆ, ಮಾರ್ಚಿನವರೆಗೂ ಇಡುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಮಾಡಿದ್ದುಣ್ಣೋ ಮಹಾರಾಯ. ಯಾರೂ ಕರೆಸಲಿಲ್ಲ. ಹೇಮಾವತಿ ಹೊರಗೆ ಬಂದವಳು ಅವನನ್ನು ನೋಡಿ ನಿಂತಳು.

"ಯಾರ್ ನೋಡ್ತಾರೆ, ಇದ್ದದ್ದನ್ನೇ ಕೊಟ್ಬಿಡು ಅಂದ್ರು ಸರ್. ಆಗಲ್ಲ ಅಂದೆ. ಇನ್ನಾರು ತಿಂಗಳಿಗೆ ಅರ್ಜಿ ಹಾಕಿದೀನಿ, ಕೊಟ್ರೆ ಕೊಟ್ರು. ಯಾರು ಮುಟ್ಟಿದ್ದು ಅಂತ ಕೇಳಿದ್ರು. ನಾನೇ ಸರಿಯಾಗಿ ನೋಡ್ಲಿಲ್ಲ ಅಂದೆ."

"ನನ್ ಹೆಸರು ಹೇಳ್ಬೇಕಿತ್ತು ಮೇಡಂ."

"ಹೇಳ್ಬಾರ್ದು ಅಂತಲ್ಲ. ಹೇಳಾಕೆ ಶಕ್ತಿ ಇರ್ಲಿಲ್ಲ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಇಬ್ಬರೂ ಲ್ಯಾಬಿನ ತನಕ ನಡೆದರು. ಅವನು ಬೀಗ ತೆಗೆದು, ಬಾಗಿಲಲ್ಲೇ ನಿಂತು ಹೇಳಿದ: "ಮಾರ್ಚ್ ಆದ್ಮೇಲೂ ಬರ್ತೀನ್ರಿ. ನಿಮ್ಮ ಕೆಲಸ ಮುಗಿಯೋ ತನಕ ದಿನಾ ಬರ್ತೀನಿ. ಬರಬ್ಯಾಡ ಅಂದ್ರೆ ಬರಲ್ಲ."

ಹೇಮಾವತಿ ಒಳಗೆ ಹೋಗಿ ಬೆಂಚಿನ ಮುಂದೆ ಕೂತಳು.

"ವಿಭೂತಿ ಹಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. ಮೂರು ತಿಂಗಳು ಯಾಕೆ ಹೇಳ್ಲಿಲ್ಲ?"

"ನೀವು ಖುಷಿಯಾಗಿದ್ರಿ. ಅಳ್ತೀರಿ ಅಂತ."

"ಮಾರ್ಚ್ ಆದ್ಮೇಲೂ ಬರ್ರಿ," ಎಂದಳು ಅವಳು. "ಆದ್ರೆ ಇನ್ಮೇಲೆ ನಾನು ಅತ್ರೂ ಹೇಳ್ರಿ."

ಹಾಗೆಂದವಳಿಗೆ ಅಷ್ಟು ಹೊತ್ತು ತಡೆದದ್ದು ಒತ್ತರಿಸಿ ಬಂತು. ಬೆಂಚಿಗೆ ಹಣೆಯಿಟ್ಟು ಅತ್ತಳು. ತಿಪ್ಪೇಶಪ್ಪ ಸಮಾಧಾನದ ಒಂದು ಮಾತೂ ಆಡಲಿಲ್ಲ. ಆಡುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಮುಗಿಸುವ ತನಕ ಪಕ್ಕದಲ್ಲಿ ನಿಂತಿದ್ದ.