ಚಿನ್ನುವಿನ ಉಗುರು

ಇವತ್ತು ಅಪ್ಪನ ಉಗುರು ಕತ್ತರಿಸಲು ಕೂತೆ. ನೇಲ್ ಕಟರ್ ‘ಟಕ್’ ಎಂದದ್ದೇ ತಡ, ನಾನು ಚಿಕ್ಕವಳಿದ್ದಾಗಿನ ಮಟ್ಟಾಂಚೇರಿಯ ನಮ್ಮ ಬಾಡಿಗೆ ಮನೆಯ ವರಾಂಡ ಕಣ್ಣ ಮುಂದೆ ಬಂತು.

ಭಾನುವಾರ ಅಲ್ಲಿ ಪೇಪರ್ ಹಾಸಿಕೊಂಡು ಅಪ್ಪ ತಮ್ಮ ಉಗುರನ್ನು ಪೂಜೆಯಷ್ಟು ನಿಧಾನವಾಗಿ ತೆಗೆಯುತ್ತಿದ್ದರು. ನನ್ನ ಮೊಲ ಚಿನ್ನುವಿನ ಸರದಿ ಬಂದಾಗ ಮಾತ್ರ ಆತುರ. ಮೊಲದ ಉಗುರಿನೊಳಗೆ ರಕ್ತನಾಳ ಇರುತ್ತದೆ, ಟಾರ್ಚ್ ಹಿಡಿದು ನೋಡಿಯೇ ಕತ್ತರಿಸಿ ಎಂದು ಪಕ್ಕದ ಮನೆಯ ಮಲಯಾಳಿ ಅಕ್ಕ, ನಮ್ಮ ಚೇಚಿ, ಹೇಳಿದ್ದರು. ಒಂದು ಭಾನುವಾರ ನಾನು ಟಾರ್ಚ್ ತರುವಷ್ಟರಲ್ಲಿ ಪೇಪರಿನ ಮೇಲೆ ರಕ್ತ. ಅಪ್ಪ ಆಗಲೇ ಮುಂದಿನ ಉಗುರಿಗೆ ಕೈ ಹಾಕಿದ್ದರು.

“ಅಪ್ಪಾ, ವೇಂಡಾ! ಬೇಡ!” ಎಂದು ಚೀರಿದೆ.

“ಅಯ್ಯೋ, ಉಗುರು ತಾನೇ, ಮತ್ತೆ ಬೆಳೆಯುತ್ತೆ ಬಿಡು,” ಎಂದರು.

ನಡುಗುತ್ತಿದ್ದ ಚಿನ್ನುವಿನ ಪಾದಕ್ಕೆ ಅಮ್ಮ ಮೈದಾಹಿಟ್ಟು ಒತ್ತಿ ಹಿಡಿದು ರಕ್ತ ನಿಲ್ಲಿಸಿದಳು.

ಮರುದಿನ ಅಮ್ಮನ ಜೊತೆ ಎರ್ನಾಕುಲಂ ಬೋಟು ಹತ್ತಿದಾಗ ಆ ಕಟರನ್ನು ಹಿನ್ನೀರಿಗೆ ಎಸೆದೆ. “ಇಲ್ಲೇ ಇಟ್ಟಿದ್ದೆ ಕಣೇ,” ಎಂದು ಅಮ್ಮನ ಹತ್ತಿರ ಗೊಣಗುತ್ತಾ ಅಪ್ಪ ವಾರಗಟ್ಟಲೆ ಸೋಫಾ ತಡಕಿದರು. ನಾನು ಚಿನ್ನುವಿಗೆ ಕೊತ್ತಂಬರಿ ತಿನ್ನಿಸುತ್ತಾ ಆ ಹುಡುಕಾಟವನ್ನು ಕಣ್ತುಂಬ ನೋಡಿದೆ.

“ನಿಧಾನ ಪುಟ್ಟಿ, ಒಳಗೆ ತಾಗುತ್ತೆ,” ಎಂದರು ಅಪ್ಪ ಇವತ್ತು.

“ಉಗುರು ತಾನೇ ಅಪ್ಪ, ಮತ್ತೆ ಬೆಳೆಯುತ್ತೆ ಬಿಡಿ,” ಎಂದೆ.

ಅಪ್ಪ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು.