ಉಪ್ಪು ಬಿಟ್ಟ ಶ್ರಾವಣ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಾಗಾಗಿ ನನಗೆ ಬೈಪೋಲಾರ್ ಎಂಬ ಮನಸ್ಸಿನ ಏರಿಳಿತದ ಕಾಯಿಲೆ ಇದೆ ಎಂದು ಗೊತ್ತಾದಾಗ, ತಿಕೋಟಾದ ನಮ್ಮ ಓಣಿಗೆ ಕಾರಣ ಹುಡುಕುವ ಕಷ್ಟವೇ ಬರಲಿಲ್ಲ. "ಅಷ್ಟು ಓದಬಾರದಿತ್ತು ಬಿಡು" ಎಂದರು. ಅದಕ್ಕೂ ಮುಂಚೆ ನಿದ್ದೆಯೇ ಬೇಡವಾಗಿ, ನಾನು ಕಲಿಸುವ ಶಾಲೆಯ ವೇಳಾಪಟ್ಟಿಯಿಂದ ಹಿಡಿದು ಜಿಲ್ಲೆಯ ನೀರಾವರಿಯವರೆಗೆ ಎಲ್ಲವನ್ನೂ ಸರಿಪಡಿಸಲು ಹೊರಟಿದ್ದೆ. ಆಗ ಇದೇ ಜನ "ಭಾಳ ಹುಷಾರದಾಳ" ಎಂದು ಹೊಗಳಿದ್ದರು. ಗೋಡೆಯ ಕಡೆ ಮುಖ ಮಾಡಿ ಮಲಗಿದ ಮೇಲಷ್ಟೇ ಅವರಿಗೆ ಗಾಬರಿಯಾದದ್ದು.

ವಿಜಯಪುರದ ಡಾಕ್ಟರು ಲಿಥಿಯಂ ಗುಳಿಗೆ ಕೊಟ್ಟರು. ಆಗಾಗ ರಕ್ತಪರೀಕ್ಷೆ, ಹೊತ್ತಿಗೆ ಸರಿಯಾಗಿ ನಿದ್ದೆ, ಕೂತು ಮಾತಾಡಲು ಒಬ್ಬ ಸಮಾಲೋಚಕಿ. "ಉಪ್ಪು, ನೀರು ಒಮ್ಮೆಲೆ ಕಡಿಮಿ ಮಾಡಬ್ಯಾಡ್ರಿ" ಎಂದು ಅವ್ವನಿಗೂ ಹೇಳಿ ಕಳಿಸಿದರು. ಕೆಲವು ತಿಂಗಳಲ್ಲಿ ನಾನು ಮತ್ತೆ ಬಬಲೇಶ್ವರದ ಶಾಲೆಗೆ ಹೋಗತೊಡಗಿದೆ. ಇನ್ನೊಂದು ಉದ್ದನೆಯ ರಜೆ ಸಿಗುವುದಿಲ್ಲ ಎಂದು ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಹೆಬ್ಬೆಟ್ಟು ಒತ್ತುವ ಮನೆಯಿಂದ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕುವವಳು ನಾನು. ಆ ಸಹಿ ಕಳೆದುಕೊಳ್ಳಲು ತಯಾರಿರಲಿಲ್ಲ.

ಊರಿನ ವೈದ್ಯಕೀಯ ಮಾತ್ರ ನಿಲ್ಲಲಿಲ್ಲ. ಸೋದರಮಾವ ಮದ್ದೆಂದು ಮದುವೆ ಬರೆದುಕೊಟ್ಟ. ದ್ರಾಕ್ಷಿ ತೋಟದ ನೆರೆಯವರು ಒಣದ್ರಾಕ್ಷಿ ನೆನೆಸಿ ತಿನ್ನು ಎಂದರು; ಅವರ ಮನೆಯಲ್ಲಿ ಮಂಡಿನೋವಿಗೂ ಅದೇ ಔಷಧ. ಕಡೆಗೆ ಬಬಲೇಶ್ವರದಿಂದ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಬಂದಿಳಿದಳು.

"ಗುಳಿಗಿ ತಿನ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಶ್ರಾವಣ ಮುಗಿಯೂತನಾ ಈಕಿ ಉಪ್ಪು ಮುಟ್ಟಂಗಿಲ್ಲ ಅಂತ ದೇವರಿಗೆ ಬೇಡ್ಕೊಂಡೀನಿ."

"ಡಾಕ್ಟ್ರು ಉಪ್ಪು ಬಿಡಬ್ಯಾಡ ಅಂದಾರ, ದೊಡ್ಡವ್ವಾ."

"ಅವರು ಅಂದಿದ್ದು ಊಟದ ಮಾತು ಬೇ. ಇದು ವ್ರತ!"

ಅವ್ವನಿಗೆ ಈ ವಾದ ಪೂರ್ತಿ ಒಪ್ಪಿಗೆಯಾಯಿತು. ನಮ್ಮಲ್ಲಿ ವ್ರತದ ಊಟ ಊಟದ ಲೆಕ್ಕಕ್ಕೇ ಬರುವುದಿಲ್ಲ. ನಾನು ದನಿ ಏರಿಸಿದರೆ "ನೋಡು, ಮತ್ತ ಶುರು ಆತು" ಎಂದು ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದರು. ಈ ಕಾಯಿಲೆಯ ಸೊಗಸೇ ಇದು: ಸಿಟ್ಟು ಮಾಡಿದರೆ ರೋಗ ಏರಿದೆ, ಸುಮ್ಮನಿದ್ದರೆ ರೋಗ ಇಳಿದಿದೆ, ನಿಮಗೊಂದು ಅಭಿಪ್ರಾಯ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಸಪ್ಪೆ ಪಲ್ಯ, ಸಪ್ಪೆ ಬೇಳೆ ತಿಂದೆ.

ಶ್ರಾವಣ ಅರ್ಧವಾಗುವ ಹೊತ್ತಿಗೆ ಬೋರ್ಡಿನ ಮೇಲೆ ನನ್ನ ಅಕ್ಷರ ಅಲೆಯಲೆಯಾಗಿ ಬರತೊಡಗಿತು. ಆಮೇಲೆ ವಾಂತಿ, ಭೇದಿ. ನಡೆದರೆ ತೂರಾಟ.

"ಒಳಗಿಂದು ಹೊರಗ ಹೊಂಟೈತಿ, ಅದಕ್ಕ ಮೈ ನಡಗಾಕತ್ತೈತಿ" ಎಂದು ದೊಡ್ಡವ್ವ ಹಿಗ್ಗಿದಳು. "ಇನ್ನೊಂದು ತಿಂಗಳ ಹಿಡಿಸೋಣು."

"ಯವ್ವಾ, ನನ್ನ ಕೈಯಾಗ ಪೆನ್ನು ನಿಲ್ಲವಲ್ದು" ಎಂದೆ. ಅವ್ವ ನನ್ನ ಕೈ ಹಿಡಿದು ನೋಡಿದಳು. ಅಕ್ಕನ ಕಡೆ ನೋಡಲಿಲ್ಲ. ಗಾಡಿ ಕರೆಸಿದಳು. ಆದರೂ ದೊಡ್ಡವ್ವ ಹತ್ತಿ ಕೂತಳು.

ಡಾಕ್ಟರು ಕೇಳಿದರು: "ಊಟದಾಗ ಏನರ ಬದಲಿ ಮಾಡೀರೇನ್ರಿ?"

"ಏನೂ ಇಲ್ರಿ" ಎಂದಳು ಅವ್ವ, ನಿಜವಾಗಿ ನಂಬಿಕೊಂಡು.

"ಉಪ್ಪು ಬಿಡಿಸ್ಯಾರ್ರಿ" ಎಂದೆ ನಾನು.

"ಅದು ವ್ರತಾ ರೀ!" ಎಂದಳು ದೊಡ್ಡವ್ವ.

ಡಾಕ್ಟರು ರಕ್ತಪರೀಕ್ಷೆಗೆ ಬರೆದರು. ಉಪ್ಪು ಬಿಟ್ಟರೆ ಈ ಔಷಧ ಮೈಯಿಂದ ಹೊರಗೆ ಹೋಗದೆ ರಕ್ತದಲ್ಲಿ ಏರಿ ವಿಷವಾಗುತ್ತದೆ ಎಂದು ವಿವರಿಸಿದರು. ಗುಳಿಗೆ ತಾತ್ಕಾಲಿಕವಾಗಿ ನಿಲ್ಲಿಸಿ, ಅಡ್ಮಿಟ್ ಮಾಡಿ ಡ್ರಿಪ್ ಹಚ್ಚಿಸಿದರು.

"ಬಾಟ್ಲ್ಯಾಗ ಏನೈತಿ ಬೇ?" ಎಂದು ದೊಡ್ಡವ್ವ ನರ್ಸನ್ನು ಕೇಳಿದಳು.

"ಉಪ್ಪಿನ ನೀರು ಅಮ್ಮಾರ."

"ಅಯ್ಯ, ವ್ರತ ಮುರೀತಲ್ಲೇ!"

"ಮುರೀಲಿ ಬಿಡಕ್ಕಾ" ಎಂದಳು ಅವ್ವ. ಅಕ್ಕನಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರಕ್ತಪರೀಕ್ಷೆ ಸರಿಬಂದ ಮೇಲೆ ಗುಳಿಗೆ ಮತ್ತೆ ಶುರುವಾಯಿತು. ಉದ್ದನೆಯ ರಜೆ ಕೇಳುವ ಪ್ರಸಂಗ ಬರಲಿಲ್ಲ, ಸಹಿ ಉಳಿಯಿತು. ದೊಡ್ಡವ್ವ ಈಗ ಊಟದ ಬಿಡುವಿನಲ್ಲಿ ಶಾಲೆಗೇ ಬಂದು ನನ್ನ ಡಬ್ಬಿಯ ಪಲ್ಯ ಬೆರಳಲ್ಲಿ ನೆಕ್ಕಿ ನೋಡುತ್ತಾಳೆ. "ಉಪ್ಪು ಐತಿ, ತಿನ್ನು" ಎಂದು ಅಪ್ಪಣೆಯಾಗುತ್ತದೆ. ನಂತರ ಉಳಿದ ಟೀಚರುಗಳ ಕಡೆ ತಿರುಗುತ್ತಾಳೆ:

"ಅರ್ಧಾ ವ್ರತಕ್ಕನ ಈಕಿ ಹಿಂಗ ಆರಾಮ ಆಗ್ಯಾಳ ನೋಡ್ರಿ. ಪೂರಾ ಮಾಡಿದ್ರ ಏನಾಗ್ತಿದ್ಲೋ!"

ಏನಾಗುತ್ತಿದ್ದೆ ಎಂಬುದು ನನಗೂ ಅವ್ವನಿಗೂ ಗೊತ್ತು. ನಾನು ಡಬ್ಬಿ ಖಾಲಿ ಮಾಡಿ, ತುಂಬಿದ ತಂಬಿಗೆ ನೀರು ಕುಡಿದು, ಮುಂದಿನ ತರಗತಿಗೆ ಹೋಗುತ್ತೇನೆ.