ಉಚ್ಚಂಗೆಪ್ಪ ಮೇಷ್ಟ್ರ ಶನಿ

ಊರಿನವರಲ್ಲಿ ಒಬ್ಬರಾದರೂ ತಮ್ಮ ದೂರದರ್ಶಕದಲ್ಲಿ ಆಕಾಶ ನೋಡಬೇಕೆಂಬುದು ಸಂತೇಬೆನ್ನೂರಿನ ವಿಜ್ಞಾನದ ಮೇಷ್ಟ್ರು ಉಚ್ಚಂಗೆಪ್ಪನವರ ಹಂಬಲ. ೧೯೮೩ರ ಬೇಸಿಗೆಯಲ್ಲಿ, ಜನರನ್ನು ಸೆಳೆಯಲೆಂದು ಬಳೆ ತೊಟ್ಟ ಶನಿಗ್ರಹದ ದೊಡ್ಡ ಬಣ್ಣದ ಚಿತ್ರವನ್ನು ಜಗುಲಿಯ ಗೋಡೆಗೆ ಅಂಟಿಸಿದರು. ಜನ ಬಂದರು, ಶನಿವಾರ ಸಂಜೆ, ಎಳ್ಳೆಣ್ಣೆಯ ದೀಪ ಹಿಡಿದುಕೊಂಡು. ಖಗೋಳಶಾಸ್ತ್ರಕ್ಕೆ ಇಷ್ಟು ಭಕ್ತರು ಬೇರೆಲ್ಲೂ ಇರಲಿಕ್ಕಿಲ್ಲ.

"ಚಿತ್ರಕ್ಕೆ ಯಾಕೆ ಕೈ ಮುಗೀತೀರಿ? ಶನಿಮಾತ್ಮ ಅಲ್ಲೇ ಮೇಲೆ ಅದಾನೆ, ಇದರಾಗೆ ನೋಡ್ರಿ" ಎಂದು ಮೇಷ್ಟ್ರು ದೂರದರ್ಶಕ ತೋರಿಸಿದರು.

ನೆರೆಮನೆಯ ಕರಿಬಸಮ್ಮ ಹಿಂದೆ ಸರಿದಳು. "ಅವನ ಕಣ್ಣಿಗೆ ಬೀಳಬಾರ್ದು ಅಂತ್ಲೇ ನಾವು ದೀಪ ಹಚ್ಚಾಕೆ ಬರೋದು. ನೀವು ನೋಡಿದ್ರೆ ಅವನ್ನ ಹತ್ರಕ್ಕೆ ಕರೀತೀರಲ್ಲ ಮೇಷ್ಟ್ರೇ."

ಜಗುಲಿ ಖಾಲಿಯಾಯಿತು.

ಮರುವಾರ ಮೇಷ್ಟ್ರು ಶನಿಯನ್ನು ಕಿತ್ತು ಗುರುಗ್ರಹವನ್ನು ಅಂಟಿಸಿದರು. ಮಕ್ಕಳ ಮದುವೆಗೆ ಗುರುಬಲ ಬೇಕಿದ್ದ ತಾಯಂದಿರು ದೂರದರ್ಶಕದ ಮುಂದೆ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಕರಿಬಸಮ್ಮ, ಮಗಳ ಕೈ ಹಿಡಿದು.